ನಾನು ಓಡಿದೆ, ಊರು ಅತ್ತಿತು

ನಾಳೆಯಿಂದ ನಾನು ಓಡುತ್ತೇನೆ ಎಂಬ ಐತಿಹಾಸಿಕ ನಿರ್ಧಾರವನ್ನು ನಾನು ಪ್ರಕಟಿಸಿದ್ದು ಊಟದ ತಟ್ಟೆಯ ಮುಂದೆ, ಎರಡನೇ ಮುದ್ದೆಗೆ ಕೈ ಹಾಕುವ ಮೊದಲು.

“ಎಲ್ಲಿಗೆ?” ಅಂದಳು ನನ್ನ ಹೆಂಡತಿ ಮಾಲಿನಿ.

“ಎಲ್ಲಿಗೂ ಅಲ್ಲ. ಸುಮ್ಮನೆ ಓಡೋದು.”

“ಸುಮ್ಮನೆ ಯಾರಾದ್ರೂ ಓಡ್ತಾರಾ? ಹಿಂದೆ ನಾಯಿ ಇರಬೇಕು, ಇಲ್ಲ ಮುಂದೆ ಬಸ್ಸಿರಬೇಕು.”

ಇಂಥ ಮಾತುಗಳಿಗೆಲ್ಲ ಜಗ್ಗುವವನಲ್ಲ ನಾನು. ನನ್ನ ಹೆಸರು ಶಾಂತಮೂರ್ತಿ. ಹೆಸರಿಟ್ಟವರು ಏನು ಎಣಿಸಿ ಇಟ್ಟರೋ, ನಾನಂತೂ ಅದನ್ನು ಅಕ್ಷರಶಃ ಪಾಲಿಸಿಕೊಂಡು ಬಂದವನು. ಕೊಳ್ಳೇಗಾಲದ ಕಚೇರಿಯಲ್ಲಿ ಕುರ್ಚಿಯ ಮೇಲೆ ಮೂರ್ತಿ, ಧನಗೆರೆಯ ಮನೆಯಲ್ಲಿ ಜಗಲಿಯ ಮೇಲೆ ಮೂರ್ತಿ, ಎರಡರ ನಡುವೆ ಬೈಕಿನ ಮೇಲೆ ಮೂರ್ತಿ. ಪ್ರತಿಷ್ಠಾಪನೆಯಾದ ಮೇಲೆ ಯಾವ ಮೂರ್ತಿ ತಾನೇ ಎದ್ದು ಓಡಾಡಿದ್ದುಂಟು? ಇದರ ಫಲವಾಗಿ ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು, ಇದು ರಕ್ತವೋ ಒಗ್ಗರಣೆಯೋ ಎನ್ನುವಂತೆ ಮುಖ ಮಾಡಿದ್ದರು.

ಆದರೆ ನನ್ನನ್ನು ನಿಜವಾಗಿ ಎಬ್ಬಿಸಿದವನು ಡಾಕ್ಟರಲ್ಲ, ಪಕ್ಕದ ಮೇಜಿನ ನಟರಾಜು. ಅವನು ಮೊಬೈಲಿನಲ್ಲಿ ಸ್ಪೇನ್ ದೇಶದ ಹಳ್ಳಿಗಾಡಿನ ಓಟದ ದಾರಿಗಳನ್ನು ತೋರಿಸಿದ. ಆಲಿವ್ ತೋಟಗಳ ನಡುವೆ ಮಣ್ಣಿನ ದಾರಿ. ಓಡುವವರು ದಾರಿ ತಪ್ಪದಿರಲೆಂದು ಅಲ್ಲಲ್ಲಿ ಕಲ್ಲಿನ ಮೇಲೆ ಬಣ್ಣದ ಪಟ್ಟೆ. ಬೆಟ್ಟದ ಬುಡದಲ್ಲಿ ಕುರಿಮಂದೆ. ನಮ್ಮಪ್ಪನ ವಯಸ್ಸಿನ ಮುದುಕನೊಬ್ಬ ಪಾದ ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಓಡುತ್ತಿದ್ದ. ಕಚೇರಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನನಗೆ ಮಾತ್ರ ರೇಗಿತು. ಏನಿದೆ ಇದರಲ್ಲಿ? ನಮ್ಮಲ್ಲಿ ಮಣ್ಣಿಲ್ಲವೇ, ಕುರಿಯಿಲ್ಲವೇ? ಆಲಿವ್ ಇಲ್ಲದಿದ್ದರೆ ಹಿಪ್ಪುನೇರಳೆ ಇದೆ. ಅವರ ಬೆಟ್ಟಕ್ಕೆ ನಮ್ಮ ಬಿಳಿಗಿರಿರಂಗನ ಬೆಟ್ಟ ಯಾವುದರಲ್ಲಿ ಕಡಿಮೆ? ಹೀಗೆ ದೇಶಾಭಿಮಾನದಿಂದ ಕುದಿಯುತ್ತಿರುವಾಗಲೇ ನನಗೆ ಕಾಲುವೆ ಏರಿಯ ದಾರಿ ನೆನಪಾಯಿತು.

ಅದು ನಮ್ಮೂರ ಹಿಂಬದಿಯಿಂದ ಹೊರಟು, ಗದ್ದೆ ಬದು ಹಿಡಿದು, ಕಾಲುವೆ ಏರಿ ಹತ್ತಿ ಹೊಂಗೇಪುರಕ್ಕೆ ಹೋಗುವ ಕಾಲುದಾರಿ. ಹೊಂಗೇಪುರ ನನ್ನ ಅವ್ವ ಚನ್ನಮಲ್ಲಮ್ಮನ ತವರು. ಆಟೋ ಗೀಟೋ ಇಲ್ಲದ ಕಾಲ. ಬೇಸಿಗೆ ರಜೆ ಬಂತೆಂದರೆ ಕುಕ್ಕೆ ಹೊತ್ತು ಅವ್ವ ಮುಂದೆ, ಅವಳ ಸೆರಗು ಹಿಡಿದು ನಾನು ಹಿಂದೆ. ಅರ್ಧ ದಾರಿಯ ತೂಬಿನ ಹತ್ತಿರ ಅವ್ವನ ತಮ್ಮ ರುದ್ರಸ್ವಾಮಿ ಮಾವ ಕಾದು ನಿಂತಿರುತ್ತಿದ್ದ. ಅಕ್ಕನ ತಲೆಯ ಮೇಲಿನ ಕುಕ್ಕೆಯನ್ನು ತನ್ನ ತಲೆಗೆ ಇಟ್ಟುಕೊಂಡು, “ಬಾರ್ಲಾ ಅಳಿಯ, ಆಲದ ಮರದ ಗಂಟ ಯಾರು ಮೊದ್ಲು ನೋಡೇಬುಡವ” ಎಂದು ಓಡುತ್ತಿದ್ದ. ಇನ್ನೇನು ಮರ ಮುಟ್ಟಿದ ಎನ್ನುವಾಗ ಪ್ರತಿ ಸಲವೂ ಅವನ ಕಾಲಿಗೆ ಮುಳ್ಳು ಚುಚ್ಚುತ್ತಿತ್ತು. ನಾನೇ ಗೆಲ್ಲುತ್ತಿದ್ದೆ. ಆ ದಾರಿಯಲ್ಲಿ ಅಷ್ಟೊಂದು ಮುಳ್ಳು ಇರಲೇ ಇಲ್ಲವೆಂದು ನನಗೆ ಅರ್ಥವಾಗುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು.

ಮಾವನ ತೋಟದಲ್ಲಿ ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆಯನ್ನು ನೀಲಿ ಮಾಡಿಕೊಳ್ಳುವುದು, ರೇಷ್ಮೆ ಹುಳುಮನೆಯ ಜಗಲಿಯಲ್ಲಿ ಅವನ ಪಕ್ಕ ಮಲಗಿ ಹುಳು ಸೊಪ್ಪು ಮೇಯುವ ಸದ್ದು ಕೇಳುವುದು, ಹೀಗೆ ಆ ರಜೆಗಳು ಕಳೆದವು. ಅಷ್ಟು ಚೆನ್ನಾಗಿ ನಾನು ಮತ್ತೆಲ್ಲೂ ನಿದ್ದೆ ಮಾಡಿಲ್ಲ, ಕಚೇರಿಯನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆ ಅಕ್ಕ ತಮ್ಮ ಈಗ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿವೆ. ಕಾರಣ ಜಮೀನಲ್ಲ, ಒಡವೆಯಲ್ಲ, ಒಂದು ಫೋಟೋ. ಮಾವನ ಮಗಳು ಭವ್ಯಳ ಮದುವೆಯಲ್ಲಿ ಮನೆಮಂದಿಯೆಲ್ಲ ನಿಂತು ಫೋಟೋ ತೆಗೆಸಿಕೊಂಡಾಗ ಅವ್ವ ಅಡುಗೆಮನೆಯಲ್ಲಿ ಪಾಯಸದ ಉಸ್ತುವಾರಿಯಲ್ಲಿದ್ದಳು. ಯಾರೂ ಕರೆಯಲಿಲ್ಲ. ಮನೆಗೆ ಹಿರಿಯಕ್ಕ, ಅವಳನ್ನು ಬಿಟ್ಟು ಫೋಟೋ! ಆಮೇಲೆ ಆ ಫೋಟೋ ಕಟ್ಟು ಹಾಕಿಸಿಕೊಂಡು ಮಾವನ ನಡುಮನೆಯ ಗೋಡೆ ಹತ್ತಿದ್ದನ್ನು ಕಂಡ ಅವ್ವ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದಳು. ಮಾವ ಒಂದು ಒಳ್ಳೆಯ ಮಾತಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನೂ ಅದೇ ಮನೆಯ ಬೀಜವಲ್ಲವೇ? “ಇನ್ನ ಅವಳ ಮನೆ ಹೊಸ್ಲು ತುಳಿಯೋದು ಅವಳ ಮಣ್ಣಿಗೇಯ” ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟ. ಆ ಮಾತು ಬಸ್ಸು ಹತ್ತಿ ಬಂದಂತೆ ಅವತ್ತೇ ನಮ್ಮ ಮನೆ ತಲುಪಿತು. ಅವ್ವ ಹೇಳಿದಳು: “ಬರ್ಲಿ. ಆಗ ನಾನೂ ಎದ್ದು ಮಾತಾಡ್ಸಕಿಲ್ಲ.”

ಆದರೆ ಈಚೆಗೆ ಅವ್ವ ಮಾತೆತ್ತಿದರೆ ತವರು. “ಈಗ ನಮ್ಮ ರುದ್ರ ಹುಳ ಮೇಯಿಸ್ತಾನೋ ಬುಟ್ಬುಟ್ನೋ” ಎಂದು ಗೋಡೆಯನ್ನು ಕೇಳುತ್ತಾಳೆ. ಗೋಡೆ ಸುಮ್ಮನಿದ್ದರೆ ನನ್ನ ಕಡೆ ನೋಡುತ್ತಾಳೆ. ಎಂಬತ್ತು ದಾಟಿದ ಜೀವ. ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ ಉಳಿದವರು ಹೇಗೆ ತಡೆದುಕೊಳ್ಳುತ್ತಾರೆ ಎಂದು ನನಗೆ ಹೆದರಿಕೆಯಾಗುತ್ತಿತ್ತು. ಹಾಗೆಂದು ನಾನಾಗಿ ಮಾವನ ಮನೆಗೆ ಹೋದರೆ ಅವ್ವನ ಮಾನ ಹೋಗುತ್ತದೆ. ಆದರೆ ಮಾವನ ಮನೆಯ ಮುಂದೆ ಓಡಿದರೆ? ಅದು ಹೋದಂತೆಯೂ ಅಲ್ಲ, ಹೋಗದಂತೆಯೂ ಅಲ್ಲ. ಮಾವ ಕರೆದರೆ ನಿಲ್ಲಬಹುದು. ನನ್ನ ಸ್ಪೇನ್ ಯೋಜನೆಯ ಹೊಟ್ಟೆಯೊಳಗೆ ಇದ್ದದ್ದು ಇದು.

ಅವ್ವನಿಗೆ ವಿಷಯ ತಿಳಿಸಿದೆ.

“ಸ್ಪೇನು ಅಂದ್ರೆ ಎಲ್ಲದೆ? ಹೂಗ್ಯಂನಿಂದ ಆಚ್ಗಾ?”

“ಇನ್ನೂ ಸ್ವಲ್ಪ ಆಚೆಗೆ ಅವ್ವ. ನಾನು ಓಡೋದು ಕಾಲುವೆ ಏರಿ ಮೇಲೆ. ಹೊಂಗೇಪುರ ದಾಟ್ಕೊಂಡು ನಮ್ಮ ಪುಷ್ಪಕ್ಕನ ಗಂಡನ ಊರಿಗೆ. ಅಕ್ಕನ ಮನೇಲಿ ಇಡ್ಲಿ ತಿಂದು ಬಸ್ಸಲ್ಲಿ ಬರ್ತೀನಿ.”

ಹೊಂಗೇಪುರ ಎಂದೊಡನೆ ಅವಳು ಸುಲಿಯುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. “ಓಗು, ಬ್ಯಾಡ ಅನ್ನಕಿಲ್ಲ. ಅವನ ಮನೆ ಮುಂದೆ ಮಾತ್ರ ನಿಂತ್ಕಬ್ಯಾಡ. ನಾನು ಕಳಿಸ್ದೆ ಅನ್ಕತಾನೆ.”

ಭಾನುವಾರ ಬೆಳಿಗ್ಗೆ ನಾನು ಹೊಸ ಚಡ್ಡಿ, ಹೊಸ ಬೂಟು ತೊಟ್ಟು ನಡುಮನೆಗೆ ಬಂದೆ. ಮಾಲಿನಿ ಬಾಗಿಲಿಗೆ ಅಡ್ಡ ನಿಂತಳು.

“ರೀ, ಈ ವೇಷದಲ್ಲಿ ಊರು ದಾಟಬೇಡಿ. ನಾನು ನಾಳೆ ನಲ್ಲಿ ಹತ್ರ ಮುಖ ಎತ್ತಬೇಕು.”

ಕೊನೆಗೆ ರಾಜಿಯಾಯಿತು. ಚಡ್ಡಿಯ ಮೇಲೆ ಬಿಳಿ ಪಂಚೆ ಸುತ್ತಿ ಎತ್ತಿ ಕಟ್ಟಿದೆ. ಮೇಲೆ ಬನಿಯನ್ನು. ಬೆವರು ಒರೆಸಲು ಹೆಗಲ ಮೇಲೆ ಟವಲು. ಓಡುವವನ ಮನಸ್ಸು ಖಾಲಿ ಇರಬೇಕೆಂದು ನಟರಾಜು ಹೇಳಿದ್ದರಿಂದ ಮೊಬೈಲನ್ನು ಮನೆಯಲ್ಲೇ ಬಿಟ್ಟೆ. ಇನ್ನೂ ಎರಡು ಸೂತ್ರಗಳನ್ನು ಅವನು ಉಪದೇಶಿಸಿದ್ದ: ಓಡುವಾಗ ಯಾರೊಂದಿಗೂ ಮಾತಾಡಬಾರದು, ನಡುವೆ ನಿಂತು ನೀರು ಕುಡಿಯಬಾರದು.

ಮೊದಲ ಗದ್ದೆ ದಾಟುವವರೆಗೆ ನಾನು ಜಿಂಕೆ. ಎರಡನೆಯದಕ್ಕೆ ಎಮ್ಮೆ. ಕಾಲುವೆ ಏರಿ ಹತ್ತುವಾಗ ಏನೆಂದು ಹೇಳಲು ನಮ್ಮ ಸೀಮೆಯಲ್ಲಿ ಅಂಥ ಪ್ರಾಣಿಯಿಲ್ಲ. ಆದರೂ ಬಿಡಲಿಲ್ಲ. ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಚಿಕ್ಕಸಿದ್ದಯ್ಯ ಎದುರಾದ.

“ಏನ್ ಸಾ, ಇಷ್ಟೊತ್ಗೇ ಇಂಗ್ ಓಡ್ತಿದ್ದೀರಿ?”

ನಾನು ಮಾತಾಡಲಿಲ್ಲ. ತಲೆಯಾಡಿಸಿ ಮುಂದೆ ಹೋದೆ. ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ದಾರಿ ಬಿಟ್ಟು ನಿಂತ. “ಓಗಿ ಸಾ, ಓಗಿ, ನಿಂತ್ಕಬ್ಯಾಡಿ” ಎಂದ. ಎಂಥ ಗೌರವ! ವ್ಯಾಯಾಮದ ಬೆಲೆ ಬಲ್ಲವನು ಎಂದುಕೊಂಡೆ.

ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ರತ್ನ ನನ್ನ ಏದುಸಿರು ಕಂಡು, “ಒಂದು ಗುಟುಕು ನೀರಾದ್ರೂ ಕುಡ್ಕೊಂಡು ಓಗಣ್ಣ” ಎಂದು ಬಿಂದಿಗೆ ಎತ್ತಿದಳು. ಕೈ ಅಲ್ಲಾಡಿಸಿ ಬೇಡವೆಂದೆ. “ನೀರೂ ಮುಟ್ನಿಲ್ಲ ಕಣಕ್ಕ” ಎಂದು ಅವಳು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ಇಬ್ಬರೂ ಕೆನ್ನೆಗೆ ಕೈ ಹಚ್ಚಿ ನಿಂತರು. ನನ್ನ ಸಂಯಮಕ್ಕೆ ಬೆರಗಾದರೆಂದು ತಿಳಿದು ಎದೆ ಇನ್ನಷ್ಟು ಉಬ್ಬಿಸಿದೆ.

ಹೊಂಗೇಪುರ ಬಂತು. ಟೀ ಅಂಗಡಿಯಲ್ಲಿ ಕುಳಿತವರೆಲ್ಲ ಎದ್ದು ನಿಂತರು. ಅಂಗಡಿಯವನು ಹಾಡು ನಿಲ್ಲಿಸಿದ. ಸ್ಪೇನಿನ ಮುದುಕನಿಗೂ ಇಂಥ ಸ್ವಾಗತ ಸಿಕ್ಕಿರಲಾರದು. ನಂತರ ಮಾವನ ಮನೆ. ಎದೆ ಹೊಡೆದುಕೊಳ್ಳುತ್ತಿತ್ತು, ಓಟಕ್ಕೆ ಮಾತ್ರವಲ್ಲ. ಮಾವ ಜಗಲಿಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕುಳಿತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಕಣ್ಣು ಸೇರಿದವು. ಕರೆ ಮಾವ, ಒಂದು ಸಲ ಕರೆ, ಎಂದು ಒಳಗೇ ಬೇಡಿಕೊಂಡೆ. ಅವನು ಕರೆಯಲಿಲ್ಲ. ಬಾಯಿ ತೆರೆದು ಎದ್ದು ನಿಂತೇ ಬಿಟ್ಟ. ಅವ್ವನ ಅಪ್ಪಣೆ ನೆನಪಾಗಿ ನಾನೂ ನಿಲ್ಲಲಿಲ್ಲ. ಬೀದಿ ತಿರುಗುವಾಗ ಹಿಂದೆ ಏನೋ ಚೊಂಬು ಬಿದ್ದ ಸದ್ದಾಯಿತು. ಕಣ್ಣು ಉರಿಯುತ್ತಿತ್ತು. ಬೆವರಿಗೆ ಇರಬೇಕು ಎಂದು ಟವಲಿನಿಂದ ಒರೆಸಿಕೊಂಡೆ.

ಊರಾಚೆಯ ಕೆರೆ ಏರಿಯ ಮೇಲೆ ಎರಡೂ ಕಾಲು ನನಗೆ ರಾಜೀನಾಮೆ ಕೊಟ್ಟವು. ಒಂದು ಹೊಂಗೆ ಮರದ ಕೆಳಗೆ ಬಿದ್ದುಕೊಂಡೆ. ಪುಷ್ಪಕ್ಕನ ಇಡ್ಲಿ ಇನ್ನೂ ದೂರವಿತ್ತು. ತಣ್ಣನೆ ಗಾಳಿ ಬೀಸಿತು. ನಿದ್ದೆ ಬಂದೇಬಿಟ್ಟಿತು.

ನಾನು ಗೊರಕೆ ಹೊಡೆಯುತ್ತಿರುವಾಗಲೇ ನಮ್ಮ ಕಡೆಯ ಒಂದು ಪದ್ಧತಿಯನ್ನು ನಿಮಗೆ ಹೇಳಿಬಿಡುತ್ತೇನೆ. ಅವತ್ತು ಅದು ನನಗೆ ಹೊಳೆಯದೆ ಹೋದದ್ದೇ ಅನಾಹುತ. ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಕೊಟ್ಟ ಹೆಣ್ಣುಮಗಳಿಗೆ ಆ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಆಳು ಖುದ್ದಾಗಿ ಹೋಗಬೇಕು. ಹಾಗೆ ಸುದ್ದಿ ಹೊತ್ತವನು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಬಿರಬಿರನೆ ಹೋಗುತ್ತಾನೆ. ದಾರಿಯಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ. ಎಲ್ಲೂ ಕೂರುವುದಿಲ್ಲ. ಯಾರು ಕೊಟ್ಟರೂ ನೀರು ಮುಟ್ಟುವುದಿಲ್ಲ. ಕಂಡವರು ಅವನನ್ನು ತಡೆಯದೆ, ತಲೆಯ ಮೇಲಿನದನ್ನು ತೆಗೆದು ದಾರಿ ಬಿಡುತ್ತಾರೆ. ಅಂದರೆ ನಟರಾಜು ಸ್ಪೇನಿನಿಂದ ತಂದ ಸೂತ್ರಗಳನ್ನು ನಮ್ಮವರು ತಲೆತಲಾಂತರದಿಂದ ಪಾಲಿಸುತ್ತಿದ್ದರು, ಬೇರೆ ಕಾರಣಕ್ಕೆ! ಚನ್ನಮಲ್ಲಮ್ಮನ ಮಗ ತನ್ನ ಅಕ್ಕನ ಊರಿನ ದಾರಿಯಲ್ಲಿ ಹೀಗೆ ಓಡಿದರೆ ಜನ ಏನು ತಿಳಿಯಬೇಕು, ನೀವೇ ಹೇಳಿ.

ಯಾರೋ ಭುಜ ಅಲುಗಿಸಿದಾಗ ಎಚ್ಚರವಾಯಿತು. ಹೊಂಗೇಪುರದ ಶಾಂತರಾಜು ಬೈಕು ನಿಲ್ಲಿಸಿಕೊಂಡು ನಿಂತಿದ್ದ. ನಾನು ದುಃಖದಿಂದ ಎಚ್ಚರ ತಪ್ಪಿದ್ದೇನೆಂದು ಅವನ ಲೆಕ್ಕ.

“ಏಳಿ ಸಾ, ಬೈಕ್ ಅತ್ಕಳಿ. ಅಕ್ಕಾರಿಗೆ ಬೇರೆ ಆಳು ಕಳಿಸ್ತೀವಿ. ನಿಮ್ಮನೆ ತಾವ ಎಲ್ಲಾ ಸೇರವ್ರೆ. ನಮ್ಮೂರ ಟ್ಯಾಕ್ಟ್ರೂ ಓಯ್ತು.”

“ನಮ್ಮನೆ ಹತ್ರಾನಾ? ಯಾಕೆ? ಏನಾಯ್ತು?”

ಅವನು ನನ್ನನ್ನು ಮರುಕದಿಂದ ನೋಡಿದ. “ಎದೆ ಗಟ್ಟಿ ಮಾಡ್ಕಳಿ ಸಾ. ವಯಸ್ಸಾಗಿತ್ತು. ಪುಣ್ಯವಂತೆ, ನರಳ್ನಿಲ್ಲ.”

ನಾನು ಹೊರಡುವಾಗ ಅವ್ವ ಕಾಫಿ ಊದಿಕೊಂಡು ಕುಡಿಯುತ್ತಿದ್ದಳು. ನಾನಿಲ್ಲಿ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದಾಗ, ಅಲ್ಲಿ ನನ್ನ ಅವ್ವ! ಬೈಕಿನ ಹಿಂದೆ ಕುಳಿತು ಬಂದ ಆ ದಾರಿಯಲ್ಲಿ ನನಗೆ ಕಂಡದ್ದು ಗದ್ದೆಯಲ್ಲ, ಕಾಲುವೆಯಲ್ಲ, ಕುಕ್ಕೆ ಹೊತ್ತು ಮುಂದೆ ಮುಂದೆ ನಡೆಯುತ್ತಿದ್ದ ಅವಳ ಬೆನ್ನು. ಯಾಕೆ ಓಡಲು ಹೋದೆ, ಮನೆಯಲ್ಲೇ ಮೂರ್ತಿಯ ಹಾಗೆ ಅವಳ ಪಕ್ಕ ಕೂತಿರಬಾರದಿತ್ತೇ ಎಂದು ಅತ್ತುಕೊಂಡೇ ಬಂದೆ.

ನಮ್ಮ ಬೀದಿಗೆ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಬೈಕಿನಿಂದ ಹಾರಿ ಓಡಿದೆ. ಬೆಳಿಗ್ಗೆ ಓಡಿದ್ದು ಓಟವೇ ಅಲ್ಲ, ಇದು ಓಟ. ಪಂಚೆ ಬಿಚ್ಚಿ ಬೀದಿಯ ನಡುವೆ ಬಿತ್ತು, ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಹೊಂಗೇಪುರದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಜನರನ್ನು ಸರಿಸಿ ಒಳಗೆ ನುಗ್ಗಿದೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ನಡುಮನೆಯಲ್ಲಿ ಅವ್ವ ಹಾಗೆಯೇ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ಬೆನ್ನು ಗೋಡೆಗೆ. ಪಕ್ಕದಲ್ಲಿ ರುದ್ರಸ್ವಾಮಿ ಮಾವ ಅವಳ ಮಂಡಿಗೆ ತಲೆಯಿಟ್ಟು ಬಿಕ್ಕುತ್ತಿದ್ದ. “ಅವ್ವಾ” ಎಂದು ನಾನು ಬಾಗಿಲಲ್ಲೇ ಕುಸಿದೆ.

“ಪಂಚೆ ಎಲ್ಲೋಯ್ತ್ಲಾ?” ಅಂದಳು ಅವ್ವ.

ನಾನು ತಲೆಯೆತ್ತಿದೆ.

“ಬೀಗರು ಬಿಜ್ಜರು ಬಂದವ್ರೆ, ಚಡ್ಡೀಲಿ ಬಂದು ಕುಂತ್ಕಂಡಿದ್ದೀಯಲ್ಲ. ಓಗು, ಏನಾರ ಸುತ್ಕಂಡು ಬಾ.”

ಹಾರ ಮಾವ ತಂದದ್ದು. ಅಕ್ಕ ಅವರೆಕಾಯಿ ಸುಲಿಯುತ್ತ ಕುಳಿತಿರುವುದನ್ನು ಕಂಡು ಅವನು ಹಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟನಂತೆ. “ತಂದಿದ್ದೀಯಲ್ಲ, ಸುಮ್ನೆ ಬಾಡೋಯ್ತದೆ, ಆಕು” ಎಂದು ಇವಳು ಕೊರಳು ಒಡ್ಡಿದಳಂತೆ. ವಿಭೂತಿ ದಿನಾ ಹಚ್ಚುವುದೇ.

“ಅಕ್ಕಯ್ಯ, ನೀನು ಓಗ್ಬುಟ್ಟೆ ಅಂದ್ರಲ್ಲೇ” ಎಂದು ಮಾವ ಮತ್ತೆ ಬಿಕ್ಕಿದ. “ಅಳಿಯ ನಮ್ಮನೆ ಮುಂದೆ ನಿಲ್ದಂಗೆ ಓದ. ನಂಗೆ ಒಂದ್ ಮಾತು ಏಳಕ್ಕೂ ಮನ್ಸಿಲ್ವಾ ಇವನಿಗೆ ಅಂತ ಹೊಟ್ಟೆ ಉರ್ದೋಯ್ತು.”

“ಸಾಯ್ದೆ ಇದ್ದಿದ್ರೆ ಬತ್ತಿದ್ಯಾ ನೀನು?”

“ಬತ್ತಿರ್ನಿಲ್ಲ.”

“ಮತ್ತೆ ಸುಮ್ನೆ ಕೂತ್ಕ. ಮೊದ್ಲು ತಿಂಡಿ ತಿನ್ನು.”

ಅವಳ ಒಂದು ಕೈ ಅವನ ಬಿಳಿ ತಲೆಯ ಮೇಲಿತ್ತು. ಇನ್ನೊಂದು ಕೈಯಿಂದ ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಮತ್ತೆ ಅಳು ಬಂತು, ಈ ಸಲ ಸುಖಕ್ಕೆ. ಮಾವ ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಹೊಟ್ಟೆಯ ಮೇಲೆ ತಟ್ಟಿದ. “ಇದನ್ನ ಒತ್ಕಂಡು ಎಂಗ್ಲಾ ಓಡ್ದೆ?” ಎಂದ.

ಮಣ್ಣಿಗೆ ಬಂದವರು ಮಣ್ಣಿಲ್ಲವೆಂದು ಬರಿಹೊಟ್ಟೆಯಲ್ಲಿ ಹೋಗಲಾದೀತೇ? ಮಾಲಿನಿ ಅಡುಗೆಮನೆಯಲ್ಲಿ ಹಂಡೆಯಂಥ ಪಾತ್ರೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ನಾನು ಲುಂಗಿ ಸುತ್ತಿಕೊಂಡು, ಗೆದ್ದು ಬಂದ ಸೇನಾಪತಿಯ ಠೀವಿಯಲ್ಲಿ ಒಳಗೆ ಹೋದೆ.

“ನೋಡಿದ್ಯಾ ಮಾಲಿನಿ? ಇಷ್ಟು ವರ್ಷ ಮಠದ ಸ್ವಾಮಿಗಳು, ಊರ ಯಜಮಾನರು ಎಲ್ಲ ಹೇಳಿ ಸೋತರು. ಒಂದೇ ಒಂದು ಓಟಕ್ಕೆ ಅಕ್ಕ ತಮ್ಮ ಒಂದಾದರು. ಇದು ಓಟದ ಮಹಿಮೆ.”

“ಈರುಳ್ಳಿ ಹೆಚ್ಚಿಕೊಡಿ” ಅಂದಳು ಅವಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮ ಓಟ ನೋಡಿ ಮಾವನೋರೇನು ಹಾಗೇ ಹೊರಟುಬರಲಿಲ್ಲ. ಮೊದಲು ಇಲ್ಲಿಗೆ ಫೋನ್ ಮಾಡಿದ್ರು.”

“ಮಾವ? ನಮ್ಮನೆಗೆ ಫೋನು?”

“ಹೂಂ. ‘ನಮ್ಮಕ್ಕ’ ಅಂದ್ರು, ಮುಂದಕ್ಕೆ ಮಾತೇ ಬರಲಿಲ್ಲ. ನೀವು ಓಡಿದ್ದನ್ನ ಅವರು ಏನು ತಿಳ್ಕೊಂಡ್ರು ಅಂತ ನನಗೆ ಹೊಳೀತು. ಇಲ್ಲೇ ಚೆನ್ನಾಗಿ ಕೂತಿದ್ದಾರೆ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡ್ಕೊಂಡು, ಏನೂ ಹೇಳಬೇಡ, ಅಳು ಅಂದ್ರು.”

“ನೀನು ಏನು ಮಾಡಿದೆ?”

“ಅತ್ತೆ ಹೇಳಿದರು, ನಾನು ಅತ್ತೆ. ಒಂದು ಸುಳ್ಳೂ ಆಡಿಲ್ಲ. ಆಮೇಲೆ ಅವರು ಹೋಗಿ ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು, ಬಾಗಿಲಿಗೆ ಎದುರಾಗಿ ಕೂತ್ಕೊಂಡ್ರು.”

ಈರುಳ್ಳಿ ಬಿಟ್ಟು ನಡುಮನೆಗೆ ಹೋದೆ. ಮಾವ ಹೊರಗೆ ಊರಿನವರ ಜೊತೆ ಮಾತಾಡುತ್ತಿದ್ದ. ಅವ್ವ ಕೊರಳ ಹಾರ ತೆಗೆದು ಸೀರೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಅದೇ ಟ್ರ್ಯಾಕ್ಟರಿನಲ್ಲಿ ತವರಿಗೆ ಹೊರಡುವ ಸಂಭ್ರಮ. ನನಗೆ ಅಭಿಮಾನಭಂಗವಾಗಿತ್ತು.

“ಏನವ್ವ ಇದು? ನಾನು ಪ್ರಾಣ ಬಿಟ್ಕೊಂಡು ಓಡಿದ್ದೇ ದಂಡ ಆಯ್ತಲ್ಲ. ಎಲ್ಲ ನೀನೇ ಮಾಡಿದ್ಯಂತೆ.”

ಅವಳು ಚೀಲದ ಬಾಯಿ ಕಟ್ಟಿ, ಹತ್ತಿರ ಕರೆದು, ಬೆವರಿಗೆ ಅಂಟಿದ ನನ್ನ ಕೂದಲನ್ನು ಹಿಂದಕ್ಕೆ ಸವರಿದಳು.

“ದಂಡ ಯಾಕಾದದು ಮಗ? ನೀನು ಮನೇಲಿ ಇದ್ದಿದ್ರೆ ನನ್ನ ಸಾಯಕ್ಕೆ ಬುಡ್ತಿದ್ಯಾ?”